ಹಾವಳಿಯ ನಂತರ ಊರು: ಕಾಗಿಣಾ ಸೀಮೆಯಲ್ಲಿ ಮರಳಿ ನೆಲೆಸಿದವರ ಇತಿಹಾಸ

ಕಾಗಿಣಾ ನದಿ ಸೀಮೆಯ ಸೇಡಂ, ಚಿತ್ತಾಪುರ, ಚಿಂಚೋಳಿಯ ಹಿರಿಯರು 1947–48ರ ಕಾಲವನ್ನು ‘ರಜಾಕಾರ ಹಾವಳಿ’ ಎಂದೂ ಅದರ ಬೆನ್ನಿಗೆ ಬಂದದ್ದನ್ನು ‘ಪೊಲೀಸ್ ಆಕ್ಷನ್’ ಎಂದೂ ಕರೆಯುತ್ತಾರೆ. ಈ ಒಂದೂವರೆ ವರ್ಷದಲ್ಲಿ ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳಾದ ಗುಲ್ಬರ್ಗಾ, ಬೀದರ್, ರಾಯಚೂರುಗಳ ಜನ ಎರಡು ಅಲೆಗಳಲ್ಲಿ ಊರು ಬಿಟ್ಟರು. ಮೊದಲ ಅಲೆಯಲ್ಲಿ ಹೋದವರು ಹೆಚ್ಚಾಗಿ ಹಿಂದೂಗಳು. ರಜಾಕಾರರಿಗೆ ಹೆದರಿ ಗಡಿ ದಾಟಿ ಸೊಲ್ಲಾಪುರ, ವಿಜಾಪುರ, ಗದಗ ಸೇರಿದರು. 1948ರ ಸೆಪ್ಟೆಂಬರ್ ನಂತರದ ಎರಡನೆಯ ಅಲೆಯಲ್ಲಿ ಹೋದವರು ಮುಸ್ಲಿಮರು; ಸೇಡಿಗೆ ಅಂಜಿ ಹಳ್ಳಿ ತೊರೆದು ಗುಲ್ಬರ್ಗಾ ಪೇಟೆ, ಹೈದರಾಬಾದ್ ನಗರ ಸೇರಿದರು. ಮೊದಲನೆಯವರು ಬಹುಪಾಲು ಕೆಲವೇ ತಿಂಗಳಲ್ಲಿ ಮನೆ ಮುಟ್ಟಿದರು, ಅವರ ಕಥೆ ಸ್ವಾತಂತ್ರ್ಯ ಹೋರಾಟದ ಭಾಗವಾಯಿತು. ಎರಡನೆಯವರ ಮರಳುವಿಕೆ ತಡವಾಗಿ, ಅರ್ಧಂಬರ್ಧವಾಗಿ ನಡೆಯಿತು. ಅವರ ಕುರಿತ ಸರ್ಕಾರಿ ವರದಿ ಆರು ದಶಕಕ್ಕೂ ಹೆಚ್ಚು ಕಾಲ ಕಡತದಲ್ಲೇ ಇತ್ತು. ಒಂದೇ ಮಣ್ಣಿನ ಈ ಎರಡು ಮರಳುವಿಕೆಗಳನ್ನು ಜೊತೆಗಿಟ್ಟು ನೋಡದೆ ಈ ಸೀಮೆಯ ಇತಿಹಾಸ ಪೂರ್ತಿಯಾಗುವುದಿಲ್ಲ.

ಹಿನ್ನೆಲೆ ಹೆಚ್ಚು ವಿವರಿಸಬೇಕಾದದ್ದಲ್ಲ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಸಂಸ್ಥಾನದಲ್ಲಿ 16 ಜಿಲ್ಲೆಗಳಿದ್ದವು. 1941ರ ಜನಗಣತಿಯಂತೆ ಜನಸಂಖ್ಯೆ ಸುಮಾರು 1.63 ಕೋಟಿ. ಬ್ರಿಟಿಷರು ಹೊರಟ ಮೇಲೆ ತಾನು ಸ್ವತಂತ್ರನಾಗಿಯೇ ಉಳಿಯುವೆನೆಂದು ನಿಜಾಮ 1947ರ ಜೂನ್‌ನಲ್ಲಿ ಫರ್ಮಾನು ಹೊರಡಿಸಿದ. ಸ್ವಾಮಿ ರಮಾನಂದ ತೀರ್ಥರ ನೇತೃತ್ವದ ಸ್ಟೇಟ್ ಕಾಂಗ್ರೆಸ್ ಆಗಸ್ಟ್ 7ರಂದು ‘ಭಾರತ ಒಕ್ಕೂಟ ಸೇರುವ ದಿನ’ ಆಚರಿಸಿ ಸತ್ಯಾಗ್ರಹಕ್ಕಿಳಿಯಿತು. ಸಿಂದಗಿಯಲ್ಲಿ ಹುಟ್ಟಿದ ಈ ಸನ್ಯಾಸಿ ಮುಂದಿನ ವರ್ಷದ ಬಹುಭಾಗವನ್ನು, 1948ರ ಜನವರಿಯಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳನ್ನು ಸೆರೆಮನೆಯಲ್ಲೇ ಕಳೆದರು. 1947ರ ನವೆಂಬರ್ 29ರಂದು ಭಾರತ ಸರ್ಕಾರದೊಂದಿಗೆ ಯಥಾಸ್ಥಿತಿ ಒಪ್ಪಂದವಾಯಿತಾದರೂ ಅದು ಕಾಗದದಲ್ಲೇ ಉಳಿಯಿತು. ಇತ್ತೆಹಾದುಲ್ ಮುಸ್ಲಿಮೀನ್ ಪಕ್ಷದ ನಾಯಕ, ಲಾತೂರಿನ ವಕೀಲ ಕಾಸಿಂ ರಜ್ವಿ ಮುನ್ನಡೆಸಿದ ರಜಾಕಾರ ದಳ ಹಳ್ಳಿಗಳಲ್ಲಿ ಪೊಲೀಸರಿಗಿಂತ ದೊಡ್ಡ ಅಧಿಕಾರವಾಯಿತು.

ಸತ್ಯಾಗ್ರಹದ ಗುರಿ ಸಂಸ್ಥಾನದ ಆದಾಯ. ಕಾರ್ಯಕರ್ತರು ಶಿಂದಿ ಗಿಡ ಕಡಿದರು, ಗಡಿಯ ಕರೋಡಗಿರಿ (ಸುಂಕದ) ನಾಕಾಗಳನ್ನು ಸುಟ್ಟರು, ಲೆವಿ ಧಾನ್ಯ ಕೊಡಬೇಡಿರೆಂದು ರೈತರಿಗೆ ಹೇಳಿದರು. ಕಡಿದವರು ರಾತ್ರೋರಾತ್ರಿ ಗಡಿ ದಾಟಿ ಹೋಗುತ್ತಿದ್ದರು. ಮರುದಿನ ಬಂದ ರಜಾಕಾರರ ಕೈಗೆ ಸಿಗುತ್ತಿದ್ದವರು ಊರಲ್ಲಿ ಉಳಿದವರು. ಹಳ್ಳಿ ಬಿಡುವ ನಿರ್ಧಾರ ಎಷ್ಟೋ ಕಡೆ ಹುಟ್ಟಿದ್ದು ಹೀಗೆ, ಎರಡೂ ಕಡೆಯ ಒತ್ತಡಕ್ಕೆ ಸಿಕ್ಕಿ. ಹೋರಾಟದ ಇತಿಹಾಸಗಳು ಈ ಮಾತನ್ನು ಅಷ್ಟಾಗಿ ಎತ್ತುವುದಿಲ್ಲ.

ಭೀತಿ ಉತ್ತುಂಗಕ್ಕೇರಿದ್ದು 1948ರ ಬೇಸಿಗೆಯಲ್ಲಿ. ಮೇ 9–10ರಂದು ಬಸವಕಲ್ಯಾಣದ ಬಳಿಯ ಗೋರ್ಟಾ ಗ್ರಾಮದಲ್ಲಿ ಹತ್ಯಾಕಾಂಡ ನಡೆಯಿತು. ಇನ್ನೂರರಷ್ಟು ಜನ ಹತರಾದರೆಂಬುದು ಸ್ಥಳೀಯ ಲೆಕ್ಕ. ಎರಡು ವಾರ ಕಳೆದು ಮೇ 22ರಂದು ಗಾಣಗಾಪುರ ರಸ್ತೆ ನಿಲ್ದಾಣದಲ್ಲಿ ಮದ್ರಾಸ್–ಮುಂಬಯಿ ಮೇಲ್ ರೈಲಿನ ಮೇಲೆ ದಾಳಿಯಾಯಿತು. ಕಾಗಿಣಾ ಸೀಮೆಯ ಜನಕ್ಕೆ ಈ ಎರಡನೆಯ ಸುದ್ದಿ ಮೊದಲನೆಯದಕ್ಕಿಂತ ಹತ್ತಿರದ್ದು, ಯಾಕೆಂದರೆ ಅವರು ಪಾರಾಗಬೇಕಾದ ದಾರಿಯೇ ಅದು.

ಈ ದಾರಿಯ ಭೂಗೋಳವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಆಳಂದ, ಅಫಜಲಪುರ ಕಡೆಯ ರೈತನಿಗೆ ಗಡಿ ಅರ್ಧ ದಿನದ ನಡಿಗೆ. ಕಾಗಿಣಾ ದಂಡೆಯ ದಂಡೋತಿಯಂಥ ಊರು ಸಂಸ್ಥಾನದ ಒಡಲಲ್ಲೇ ಇತ್ತು. ಪೂರ್ವಕ್ಕೆ ಸೇಡಂ, ತಾಂಡೂರು ದಾಟಿದರೂ ನಿಜಾಮನ ರಾಜ್ಯ. ಉತ್ತರಕ್ಕೆ ಚಿಂಚೋಳಿ, ಬೀದರ್ ಕೂಡ ಅದೇ. ದಕ್ಷಿಣಕ್ಕೆ ಭೀಮಾ ನದಿಯನ್ನು ಹರಿಗೋಲಿನಲ್ಲಿ ದಾಟಿದರೂ ಜೇವರ್ಗಿ ಸಂಸ್ಥಾನದ್ದೇ. ಅದನ್ನೂ ಹಾದು ಸಿಂದಗಿ ಸೀಮೆ ಮುಟ್ಟಿದರೆ ಮಾತ್ರ ಮುಂಬಯಿ ಪ್ರಾಂತ. ಉಳಿದದ್ದು ರೈಲು. 1874ರಲ್ಲಿ ಹೈದರಾಬಾದ್ ಮಾರ್ಗ ಕೂಡಿಕೊಂಡಾಗಿನಿಂದ ವಾಡಿ ಈ ಭಾಗದ ದೊಡ್ಡ ಜಂಕ್ಷನ್. ಚಿತ್ತಾಪುರದಲ್ಲೋ ಸೇಡಂನಲ್ಲೋ ಗಾಡಿ ಹತ್ತಿ ವಾಡಿಗೆ ಬಂದು, ಅಲ್ಲಿಂದ ಶಹಾಬಾದ್, ಗುಲ್ಬರ್ಗಾ, ಗಾಣಗಾಪುರ ರಸ್ತೆ, ದುಧನಿ ಮೂಲಕ ಸೊಲ್ಲಾಪುರ ಸೇರಲು ಸುಮಾರು 150 ಕಿ.ಮೀ. ದುಧನಿ ಇದ್ದ ಅಕ್ಕಲಕೋಟೆ ಸಂಸ್ಥಾನ 1948ರ ಮಾರ್ಚ್‌ನಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿತ್ತು. ದುಧನಿ ಬಂತೆಂದರೆ ಜೀವ ಉಳಿಯಿತೆಂದು ಅರ್ಥ. ಗಾಣಗಾಪುರ ರಸ್ತೆ ಅದಕ್ಕೂ ಹಿಂದಿನ ನಿಲ್ದಾಣ.

ಹೀಗಾಗಿ ಒಳನಾಡಿನಿಂದ ಹೋಗಲು ಸಾಧ್ಯವಾದದ್ದು ಮುಖ್ಯವಾಗಿ ಕೈಯಲ್ಲಿ ಕಾಸಿದ್ದವರಿಗೆ, ಆಚೆ ಬೀಗರಿದ್ದವರಿಗೆ. ಕಾಸಿನಲ್ಲೂ ಒಂದು ಕಂಟಕವಿತ್ತು. ಸಂಸ್ಥಾನದ ನಾಣ್ಯ ಹಾಲಿ ಸಿಕ್ಕಾ, ಆಚೆ ನಡೆಯುವುದು ಕಲ್ದಾರ್. 7 ಹಾಲಿ ರೂಪಾಯಿಗೆ 6 ಕಲ್ದಾರ್ ಎಂಬುದು ಸರಿಸುಮಾರಾದ ಅಧಿಕೃತ ದರ. ಆದರೆ ಯಥಾಸ್ಥಿತಿ ಒಪ್ಪಂದದ ಬೆನ್ನಲ್ಲೇ ನಿಜಾಮ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಸಂಸ್ಥಾನದೊಳಗೆ ಭಾರತದ ನಾಣ್ಯದ ಚಲಾವಣೆ ನಿಲ್ಲಿಸಿತು, ಚಿನ್ನ ಬೆಳ್ಳಿ ಹೊರಗೆ ಒಯ್ಯುವುದನ್ನೂ ತಡೆಯಿತು. ಆಭರಣವನ್ನು ಸೀರೆಯ ಮಡಿಕೆಯಲ್ಲಿ ಅಡಗಿಸಿಕೊಂಡು ಹೋದರೂ ನಾಕಾದಲ್ಲಿ ಸಿಕ್ಕಿಬೀಳುವ ಅಂಜಿಕೆ ತಪ್ಪಿದ್ದಲ್ಲ. ಕೂಲಿ ಮಾಡುವವರು, ಹೊಲೆಯ–ಮಾದಿಗರ ಕೇರಿಯವರು ಬಹುಪಾಲು ಊರಲ್ಲೇ ಉಳಿದರು, ಇಲ್ಲವೇ ಹತ್ತಿರದ ದೊಡ್ಡ ಊರಿನ ವಾಡೆಗಳಲ್ಲಿ, ಮಠಗಳಲ್ಲಿ ರಾತ್ರಿ ಕಳೆದರು.

ಗಡಿಯಾಚೆ ಆಶ್ರಯ ಮೂರು ಬಗೆಯದು. ಮೊದಲನೆಯದು ಬಂಧುಗಳ ಮನೆ. ಸೊಲ್ಲಾಪುರ, ಅಕ್ಕಲಕೋಟೆ, ಇಂಡಿ, ಸಿಂದಗಿಗಳೊಂದಿಗೆ ಗುಲ್ಬರ್ಗಾ ಸೀಮೆಗೆ ಹೆಣ್ಣು ಕೊಟ್ಟು ತರುವ ಸಂಬಂಧ ಹಳೆಯದು. ರಾಜಕೀಯ ಗಡಿ ಆ ನಂಟನ್ನು ಎಂದೂ ಕಡಿದಿರಲಿಲ್ಲ. ಎರಡನೆಯದು ದುಡಿಮೆ. ಸೊಲ್ಲಾಪುರದ ಬಟ್ಟೆ ಗಿರಣಿ, ಕೈಮಗ್ಗ, ಬೀಡಿ ಕಟ್ಟುವ ಕೆಲಸಗಳು ಬರಗಾಲದಲ್ಲಿ ಹೇಗೋ ಹಾಗೆ ಈಗಲೂ ಜನರನ್ನು ಎಳೆದುಕೊಂಡವು. ಮೂರನೆಯದು ಶಿಬಿರಗಳು.

ಸ್ಟೇಟ್ ಕಾಂಗ್ರೆಸ್ ಗಡಿಯುದ್ದಕ್ಕೂ ನಡೆಸಿದ ಶಿಬಿರಗಳು ಶುದ್ಧ ನಿರಾಶ್ರಿತರ ಶಿಬಿರಗಳಾಗಿರಲಿಲ್ಲ. ಸೊಲ್ಲಾಪುರ, ಗದಗಗಳಲ್ಲಿ ಅವುಗಳ ಕಚೇರಿ. ಮುಂಡರಗಿಯ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ ಮುಂದಾಳು. ಒಂದು ಕಡೆ ಅಡುಗೆ ಒಲೆ, ಇನ್ನೊಂದು ಕಡೆ ಬಂದೂಕಿನ ತಾಲೀಮು. ಯುವಕರು ರಾತ್ರಿ ನಾಕಾಗಳ ಮೇಲೆ ದಾಳಿಗೆ ಹೋಗುತ್ತಿದ್ದರೆ ಅವರ ಮನೆಮಂದಿ ಹಿಂದೆ ಕಾಯುತ್ತಿದ್ದರು. ನಿರಾಶ್ರಿತರ ಜಾಗವನ್ನು ಹೋರಾಟಗಾರರ ನೆಲೆಯಿಂದ ದೂರ ಇಡಬೇಕೆಂಬುದು ಇಂದಿನ ಪರಿಹಾರ ಕಾರ್ಯದ ಮೊದಲ ಪಾಠಗಳಲ್ಲೊಂದು. 1948ರಲ್ಲಿ ಹಾಗೆ ಬೇರ್ಪಡಿಸಲು ಹಣವೂ ಇರಲಿಲ್ಲ, ಇಷ್ಟವೂ ಇರಲಿಲ್ಲ. ಆದರೆ ಈ ಬೆರಕೆಯಿಂದ ಒಂದು ಪರಿಣಾಮವಾಯಿತು: ಶಿಬಿರದಲ್ಲಿದ್ದವರ ಹೆಸರು ಹಾಜರಿಯಲ್ಲಿ ಉಳಿಯಿತು, ಬೀಗರ ಮನೆಯ ಪಡಸಾಲೆಯಲ್ಲಿ ಮಲಗಿದ್ದವರದು ಉಳಿಯಲಿಲ್ಲ. ಇದರ ಫಲ ಮುಂದೆ ಕಾಣುತ್ತದೆ.

1948ರ ಸೆಪ್ಟೆಂಬರ್ 13ರ ನಸುಕಿನಲ್ಲಿ ಮೇಜರ್ ಜನರಲ್ ಜೆ.ಎನ್. ಚೌಧರಿಯವರ ಭಾರತೀಯ ಪಡೆ ಸೊಲ್ಲಾಪುರದಿಂದ ನಳದುರ್ಗದತ್ತ ನುಗ್ಗಿತು. ಜನ ‘ಪೊಲೀಸ್ ಆಕ್ಷನ್’ ಎಂದದ್ದು ಇದನ್ನೇ. ಐದನೆಯ ದಿನ, ಸೆಪ್ಟೆಂಬರ್ 17ರಂದು, ನಿಜಾಮ ಸೋಲೊಪ್ಪಿದ. ಚೌಧರಿ ಮಿಲಿಟರಿ ಗವರ್ನರ್ ಆದರು. ನಾಗರಿಕ ಆಡಳಿತಕ್ಕೆ ನೆರೆಯ ಪ್ರಾಂತಗಳಿಂದ ಅಧಿಕಾರಿಗಳು ಬಂದರು. ರಮಾನಂದ ತೀರ್ಥರು ಬಿಡುಗಡೆಯಾದರು, ರಜ್ವಿ ಸೆರೆಯಾದ. ಗಡಿಯಾಚೆ ಹೋದವರು ಹಿಂದಿರುಗತೊಡಗಿದರು.

ಇದು ಆ ಕಾಲದ ಉಪಖಂಡದಲ್ಲಿ ಅಪರೂಪದ ಸಂಗತಿ. ಪಂಜಾಬಿನಲ್ಲಿ ವಿಭಜನೆಯಿಂದ ಓಡಿಬಂದವರು ಹುಟ್ಟೂರಿಗೆ ಹೋಗುವ ಮಾತೇ ಇರಲಿಲ್ಲ. ಭಾರತ ಸರ್ಕಾರ 1947ರ ಸೆಪ್ಟೆಂಬರ್‌ನಲ್ಲಿ ತೆರೆದ ಪುನರ್ವಸತಿ ಸಚಿವಾಲಯದ ವ್ಯವಸ್ಥೆ ಬಹುಪಾಲು ಹೊಸ ಜಾಗದಲ್ಲಿ ನೆಲೆ ಕೊಡುವುದಕ್ಕಾಗಿ ಇದ್ದದ್ದು. ಹೈದರಾಬಾದ್‌ನಲ್ಲಿ ಗಡಿಯೇ ಅಳಿಸಿಹೋದದ್ದರಿಂದ ಜನ ನೇರ ಹಳೆಯ ಮನೆಗೇ ಬಂದರು.

ಬಂದ ಹೊತ್ತೂ ಅನುಕೂಲದ್ದು. ಕಾಗಿಣಾ ಸೀಮೆಯ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಮಳೆ ಹಿಂಜರಿದು ಹೊಲ ಹದಕ್ಕೆ ಬಂದಾಗ. ಬೇಸಿಗೆಯಲ್ಲೇ ಊರು ಬಿಟ್ಟವರಿಗೆ ಮುಂಗಾರಿ ಕೈತಪ್ಪಿತ್ತು. ತೊಗರಿ, ಹೆಸರು ಬಿತ್ತಿರಲಿಲ್ಲ. ಸೆಪ್ಟೆಂಬರ್ ಕೊನೆಗೆ ಬಂದವರಿಗೆ ಜೋಳದ ಬಿತ್ತನೆಗೆ ಕೆಲವು ವಾರ ಸಿಕ್ಕವು. ಬಿತ್ತಿದರೆ ಫೆಬ್ರುವರಿಗೆ ಮನೆಯಲ್ಲಿ ಜೋಳ, ದನಕ್ಕೆ ಕಣಿಕೆ. ಇಲ್ಲವಾದರೆ ಮುಂದಿನ ಮಳೆಗಾಲದ ತನಕ ಸಾಲ. ಹಗೇವಿನಲ್ಲಿ ಹೂತಿಟ್ಟ ಧಾನ್ಯ ಲೂಟಿಯಾಗದೆ ಉಳಿದವನಿಗೆ ಬೀಜದ ಚಿಂತೆಯಿಲ್ಲ. ಎತ್ತು ಕಳೆದುಕೊಂಡವನು ಮುಯ್ಯಿಗೆ ಕೂರಿಗೆ ಹೊಡೆಸಿಕೊಳ್ಳಬೇಕು. ಮನೆ ಕಟ್ಟುವುದು ಆಮೇಲಿನ ಮಾತು. ಈ ಭಾಗದಲ್ಲಿ ಗೋಡೆಗೆ ಶಹಾಬಾದ್ ಕಲ್ಲು, ಮೇಲೆ ಮಣ್ಣಿನ ಮಾಳಿಗೆ. ಬೆಂಕಿ ತೊಲೆ, ಜಂತಿಗಳನ್ನು ತಿಂದರೂ ಕಲ್ಲಿನ ಗೋಡೆ ನಿಂತಿರುತ್ತದೆ, ಹೊಸ ತೊಲೆ ಏರಿಸಿ ಮೇಲ್ಮುದ್ದೆ ಮತ್ತೆ ಹೊದಿಸಿದರೆ ಬಾಳಲು ಬರುತ್ತದೆ.

ಜಮೀನಿನ ಪ್ರಶ್ನೆ ಹೊಲದಲ್ಲಿ ಇತ್ಯರ್ಥವಾಗುವಂಥದ್ದಾಗಿರಲಿಲ್ಲ, ಚಾವಡಿಯಲ್ಲಿ ಆಗಬೇಕಿತ್ತು. ಹಳ್ಳಿಯ ಲೆಕ್ಕ ಪಟವಾರಿಯ ಕೈಯಲ್ಲಿ, ವಸೂಲಿ ಪಟೇಲನ ಕೈಯಲ್ಲಿ. ಯಾರು ಯಾವ ಹೊಲ ಮಾಡುತ್ತಿದ್ದಾರೆಂದು ವರ್ಷ ವರ್ಷ ಬರೆಯುವ ಪಹಣಿಯಲ್ಲಿ ಆ ಸಾಲಿನ ಸಾಗುವಳಿ ಯಾರ ಹೆಸರಿಗೆ ಏರಿದೆ ಎಂಬುದೇ ನಿರ್ಣಾಯಕ. ಸಂಸ್ಥಾನದ ಆಡಳಿತ ಭಾಷೆ ಉರ್ದು ಆದದ್ದರಿಂದ ದಾಖಲೆ ಓದಿಸಿಕೊಳ್ಳಲು ರೈತ ಮತ್ತೊಬ್ಬನನ್ನು ಹಿಡಿಯಬೇಕಿತ್ತು. ಪಟ್ಟೇದಾರನ ಸ್ಥಿತಿ ಗಟ್ಟಿ. ಪಾಲಿಗೆ, ಕೋರಿಗೆ ಮಾಡುವವನು ಒಂದು ಹಂಗಾಮು ಊರಲ್ಲಿರದಿದ್ದರೆ ಅವನ ಹಕ್ಕು ಅಲುಗಾಡಿತು. 1949ರ ಆಗಸ್ಟ್‌ನಲ್ಲಿ ಜಾಗೀರುಗಳು ರದ್ದಾದವು. 1950ರ ಹೈದರಾಬಾದ್ ಗೇಣಿ ಮತ್ತು ಕೃಷಿ ಭೂಮಿ ಕಾಯ್ದೆ ‘ರಕ್ಷಿತ ಗೇಣಿದಾರ’ ಎಂಬ ವರ್ಗವನ್ನು ಮಾಡಿತು. ಹಾವಳಿಯ ವರ್ಷಗಳಲ್ಲಿ ಊರಲ್ಲಿ ಇಲ್ಲದವನು ತಾನು ನಿರಂತರ ಸಾಗುವಳಿದಾರನೆಂದು ತೋರಿಸುವುದು ಸುಲಭವಿರಲಿಲ್ಲ.

ಎರಡನೆಯ ಅಲೆ ಇದೇ ಸೆಪ್ಟೆಂಬರ್‌ನಲ್ಲಿ ಎದ್ದಿತು. ಸೈನ್ಯ ಮುಂದೆ ಸಾಗಿದ ಹಿಂದೆಯೇ ಮರಾಠವಾಡ ಮತ್ತು ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ದಾಳಿಗಳು ನಡೆದವು. ರಜಾಕಾರನಾಗಿದ್ದವನಿಗೂ ನೇಯ್ಗೆ ಮಾಡಿಕೊಂಡಿದ್ದವನಿಗೂ ವ್ಯತ್ಯಾಸ ಉಳಿಯಲಿಲ್ಲ. ಸುದ್ದಿ ದೆಹಲಿ ತಲುಪಿದಾಗ ಪ್ರಧಾನಿ ನೆಹರೂ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರನ್ನು ಸದ್ಭಾವನಾ ನಿಯೋಗವಾಗಿ ಕಳಿಸಿದರು. ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ನಿಯೋಗ 16ರ ಪೈಕಿ 9 ಜಿಲ್ಲೆ ಸುತ್ತಿತು. 7 ಜಿಲ್ಲಾ ಕೇಂದ್ರ, 21 ಪಟ್ಟಣ, 23 ದೊಡ್ಡ ಹಳ್ಳಿ ನೋಡಿತು. ತಾನು ಹೋಗಲಾಗದ 109 ಹಳ್ಳಿಗಳ 500ಕ್ಕೂ ಹೆಚ್ಚು ಜನರ ಮಾತು ಕೇಳಿತು. ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದು ಅದರ ಅಂದಾಜು. ಅತಿ ಹೆಚ್ಚು ಬಾಧಿತವೆಂದು ಅದು ಹೆಸರಿಸಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಈ ನಾಲ್ಕರಲ್ಲೇ ಸತ್ತವರು 18,000ಕ್ಕೆ ಕಡಿಮೆಯಿಲ್ಲ ಎಂದಿತು. ಸಂಖ್ಯೆಯನ್ನು ಆಗಿನ ಸರ್ಕಾರ ಒಪ್ಪಲಿಲ್ಲ.

ಆ ವರದಿಯಲ್ಲಿ ಸಾವಿನ ಲೆಕ್ಕದಷ್ಟೇ ಗಮನಿಸಬೇಕಾದ ಮತ್ತೊಂದು ವಿವರವಿದೆ. ಹಲವೆಡೆ ಹಿಂದೂಗಳು ಜೀವದ ಹಂಗು ತೊರೆದು ನೆರೆಯ ಮುಸ್ಲಿಮರನ್ನು ಕಾಪಾಡಿದರು; ಒಂದೇ ಕಸುಬಿನವರ ನಡುವೆ ಈ ಒಲವು ಎದ್ದು ಕಾಣುತ್ತಿತ್ತು. ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ರಕ್ಷಿಸಲು ಹೋಗಿ ತಾವೇ ಪ್ರಾಣ ಕಳೆದುಕೊಂಡದ್ದೂ ಇದೆ. ಅಪಹೃತ ಮಹಿಳೆಯರನ್ನು ಪತ್ತೆಹಚ್ಚಿ ಮನೆ ಸೇರಿಸುವುದರಲ್ಲೂ ಹಿಂದೂಗಳು ನೆರವಾದರು. ಸಂತೆ, ಮಗ್ಗ, ಕಲ್ಲುಗಣಿಗಳಲ್ಲಿ ಒಬ್ಬರಿಲ್ಲದೆ ಒಬ್ಬರ ಕೆಲಸ ಸಾಗದ ಕಡೆ ಊರಿಗೆ ಮರಳುವುದು ಸುಲಭ. ನೆರೆಯವನು ಹೋದರೆ ಹೊಲ ಸಿಗುವಂತಿದ್ದ ಕಡೆ ಕಷ್ಟ. ಪರಿಹಾರದ ಹಣಕ್ಕಿಂತ ಇದೇ ಹೆಚ್ಚಿನ ನಿರ್ಧಾರಕವಾಗಿರಬೇಕು.

ಮುಸ್ಲಿಂ ಕುಟುಂಬಗಳ ಮುಂದೆ ಕೇವಲ ಭಯವಿರಲಿಲ್ಲ, ದುಡಿಮೆಯ ನೆಲೆಯೇ ಕುಸಿದಿತ್ತು. ಜಾಗೀರು ಹೋದಾಗ ಅಲ್ಲಿನ ಗುಮಾಸ್ತ, ಕಾವಲುಗಾರ, ವಸೂಲಿಯವರ ಸಂಬಳ ಹೋಯಿತು. ನಿಜಾಮನ ಅನಿಯಮಿತ ಪಡೆಗಳು ವಿಸರ್ಜನೆಯಾದವು. ಆಡಳಿತ, ಶಾಲೆಗಳಲ್ಲಿ ಉರ್ದುವಿನ ಜಾಗಕ್ಕೆ ಬೇರೆ ಭಾಷೆಗಳು ಬಂದಂತೆ ಉರ್ದು ಕಲಿತ ಕೆಳಹಂತದ ನೌಕರ ಹಿಂದೆ ಬಿದ್ದ. ದೇಶ ಬಿಟ್ಟು ಹೋದವರ ಆಸ್ತಿಯನ್ನು ಸರ್ಕಾರದ ವಶಕ್ಕೆ ಕೊಡುವ 1950ರ ಕಾಯ್ದೆ, ಹೈದರಾಬಾದ್ ನಗರಕ್ಕೆ ಹೋಗಿ ಕುಳಿತವನಿಗೂ ಆತಂಕ ತಂದಿತು. ಉತ್ತರ ಭಾರತ, ಮಧ್ಯಪ್ರಾಂತಗಳಿಂದ ವಿಭಜನೆಯ ಸುತ್ತಮುತ್ತ ಸಂಸ್ಥಾನಕ್ಕೆ ಬಂದಿದ್ದ ಮುಸ್ಲಿಂ ವಲಸಿಗರನ್ನು ಸರ್ಕಾರ ಅವರವರ ಪ್ರಾಂತಗಳಿಗೆ ವಾಪಸು ಕಳಿಸತೊಡಗಿತು. ತಲೆಮಾರುಗಳಿಂದ ಇಲ್ಲೇ ಸೇವೆಯಲ್ಲಿದ್ದ ಅರಬರನ್ನೂ ಪಠಾಣರನ್ನೂ ಹೊರಗಿನವರೆಂದು ಎಣಿಸಿತು. ಯಾರ ಮನೆ ಎಲ್ಲಿ ಎಂಬುದನ್ನು ಕಚೇರಿ ತೀರ್ಮಾನಿಸುವಂತಾಯಿತು. ಸ್ಥಳಾಂತರಿತರ ಮರಳುವಿಕೆ ಸ್ವಇಚ್ಛೆಯದೂ ಸುರಕ್ಷಿತವೂ ಆಗಿರಬೇಕು, ಆಸ್ತಿಯನ್ನು ಮರಳಿ ಕೊಡಿಸುವುದು ಅಧಿಕಾರಿಗಳ ಹೊಣೆ ಎಂದು ವಿಶ್ವಸಂಸ್ಥೆ ಆಂತರಿಕ ಸ್ಥಳಾಂತರ ಕುರಿತ ಮಾರ್ಗದರ್ಶಿ ತತ್ವಗಳಲ್ಲಿ ಬರೆದದ್ದು 1998ರಲ್ಲಿ, ಐವತ್ತು ವರ್ಷ ತಡವಾಗಿ.

ಎರಡೂ ಅಲೆಗಳಲ್ಲಿ ಎಷ್ಟೋ ಕುಟುಂಬ ಹುಟ್ಟೂರಿಗೆ ಹೋಗಲೇ ಇಲ್ಲ, ಹತ್ತಿರದ ಪೇಟೆಯಲ್ಲಿ ಬೇರೂರಿದವು. ಎಲ್ಲರಿಗೂ ತಿಳಿದ ಉದಾಹರಣೆ ಮಲ್ಲಿಕಾರ್ಜುನ ಖರ್ಗೆಯವರದು. ಅವರು ಹುಟ್ಟಿದ್ದು 1942ರಲ್ಲಿ, ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ. ಹಾವಳಿಯ ಕಾಲದಲ್ಲಿ ಮನೆಗೆ ಬೆಂಕಿಬಿದ್ದು ತಾಯಿಯನ್ನು ಕಳೆದುಕೊಂಡರು. ಬದುಕುಳಿದ ತಂದೆ ಮಗನನ್ನು ಕರೆದುಕೊಂಡು ಊರು ಬಿಟ್ಟು, ಕೊನೆಗೆ ಗುಲ್ಬರ್ಗಾದಲ್ಲಿ ನೆಲೆನಿಂತು ಎಂ.ಎಸ್.ಕೆ. ಮಿಲ್‌ನಲ್ಲಿ ದುಡಿದರು. ಮಗ ಮುಂದೆ ಗುರುಮಠಕಲ್‌ನಿಂದ, 2008ರಲ್ಲಿ ಚಿತ್ತಾಪುರದಿಂದ ಶಾಸಕರಾದರು. ದಲಿತ ಕುಟುಂಬಕ್ಕೆ ಊರಲ್ಲಿ ಕಾಯುತ್ತಿದ್ದ ಜಮೀನು ಇಲ್ಲದಿದ್ದಾಗ ಮಿಲ್ಲಿನ ಸೈರನ್ನೇ ಊರಾಯಿತು. ಶಹಾಬಾದ್‌ನ ಕಥೆಯೂ ಇಂಥದ್ದೇ. ಅಲ್ಲಿನ ಸಿಮೆಂಟ್ ಕಂಪನಿ 1936ರಲ್ಲಿ ಎ.ಸಿ.ಸಿ.ಯೊಳಗೆ ಸೇರಿತ್ತು, ಸುತ್ತಲಿನ ಫರಶಿ ಗಣಿಗಳಿಗೆ ಸದಾ ಕೈಗಳು ಬೇಕಿದ್ದವು. ಕಲ್ಲು ಸೀಳುವವನ ಜಾತಿ, ಧರ್ಮ, ಪಹಣಿ ಯಾವುದನ್ನೂ ಗಣಿ ಕೇಳುತ್ತಿರಲಿಲ್ಲ. ವಾಡಿಯಲ್ಲಿ ಹೀಗೆ ದುಡಿಮೆ ಕೊಟ್ಟದ್ದು ರೈಲ್ವೆ. ಅಲ್ಲಿನ ದೊಡ್ಡ ಸಿಮೆಂಟ್ ಕಾರ್ಖಾನೆ ಬಂದದ್ದು 1960ರ ದಶಕದ ಕೊನೆಗೆ.

ಈ ನಡುವೆ ಮುಂಡರಗಿ ಶಿಬಿರದ ಮುಂದಾಳು ಅಳವಂಡಿ ಶಿವಮೂರ್ತಿಸ್ವಾಮಿ 1952ರಲ್ಲಿ ಲೋಕಸಭೆಗೆ ಆಯ್ಕೆಯಾದರು. ಹಾಲಿ ಸಿಕ್ಕಾ ಆ ದಶಕದಲ್ಲೇ ಚಲಾವಣೆಯಿಂದ ಹೋಯಿತು. 1956ರ ನವೆಂಬರ್ 1ರಂದು ಮೂರೂ ಜಿಲ್ಲೆಗಳ ಕನ್ನಡ ಭಾಗಗಳು ಮೈಸೂರು ರಾಜ್ಯ ಸೇರಿದವು. ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ಆಂಧ್ರದ ಪಾಲಾದವು. ಸೇಡಂ, ಚಿಂಚೋಳಿಯವರಿಗೆ ಹಳೆಯ ಗಡಿ ಅಳಿದ ಎಂಟು ವರ್ಷಕ್ಕೆ ಇನ್ನೊಂದು ದಿಕ್ಕಿನಲ್ಲಿ ಹೊಸ ಗಡಿ ಬಂತು.

1972ರಲ್ಲಿ ಶುರುವಾದ ಸ್ವಾತಂತ್ರ್ಯ ಯೋಧರ ಪಿಂಚಣಿ 1980ರಲ್ಲಿ ಸ್ವಾತಂತ್ರ್ಯ ಸೈನಿಕ ಸಮ್ಮಾನ್ ಯೋಜನೆಯಾಗಿ ವಿಸ್ತಾರಗೊಂಡಿತು. ಮುಂದೆ ಹೈದರಾಬಾದ್ ವಿಮೋಚನೆಯ ಗಡಿ ಶಿಬಿರಗಳನ್ನೂ ಅದರಲ್ಲಿ ಸೇರಿಸಿದರು. ಈಗ ಶಿಬಿರದ ಹಾಜರಿಗೆ ಬೆಲೆ ಬಂತು. ಮಾನ್ಯವಾದ ಶಿಬಿರದ ಹೆಸರು, ಅಲ್ಲಿದ್ದೆನೆಂಬುದಕ್ಕೆ ಮುಂದಾಳಿನ ಪ್ರಮಾಣಪತ್ರ ಇದ್ದವರು ಅರ್ಜಿ ಹಾಕಿದರು. ಬೀಗರ ಮನೆಯಲ್ಲಿ ತಿಂಗಳುಗಟ್ಟಲೆ ಕೂಲಿನಾಲಿ ಮಾಡಿ ಮಕ್ಕಳನ್ನು ಸಾಕಿದ ಹೆಂಗಸರು ಹೋರಾಟಗಾರರೂ ಆಗಲಿಲ್ಲ, ನಿರಾಶ್ರಿತರೆಂಬ ಪಟ್ಟಿಗೂ ಸೇರಲಿಲ್ಲ. ಸೆಪ್ಟೆಂಬರ್ 17 ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವಾಗಿ ನಡೆದುಬಂದು 2019ರಿಂದ ಕಲ್ಯಾಣ ಕರ್ನಾಟಕ ಉತ್ಸವವಾಗಿದೆ. ಅಂದಿನ ಭಾಷಣಗಳಲ್ಲಿ ಮೊದಲ ಅಲೆಯವರ ಕಷ್ಟ ತಪ್ಪದೆ ಬರುತ್ತದೆ, ಎರಡನೆಯ ಅಲೆಯವರದು ಬರುವುದು ವಿರಳ.

ಸುಂದರಲಾಲ್ ನಿಯೋಗದ ವರದಿ ಆ ಕಾಲದಲ್ಲಿ ಪ್ರಕಟವಾಗಲಿಲ್ಲ. ಅದರ ತುಣುಕುಗಳು ಪುಸ್ತಕಗಳ ಮೂಲಕ ಹೊರಬಂದು, 2013ರಲ್ಲಿ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಪ್ರತಿ ಸಾರ್ವಜನಿಕರ ಓದಿಗೆ ಸಿಕ್ಕಿತು. ಅದೇ ವರ್ಷ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದು ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ದೊರೆಯಿತು. ಶಿಕ್ಷಣ, ಉದ್ಯೋಗಗಳ ಆ ಮೀಸಲಾತಿಗೆ ಅರ್ಜಿದಾರ ತೋರಿಸಬೇಕಾದದ್ದು ತಾನೋ ತನ್ನ ಹೆತ್ತವರೋ ಈ ಸೀಮೆಯಲ್ಲಿ ಹುಟ್ಟಿದವರು ಇಲ್ಲವೇ ಇಲ್ಲಿನ ನಿವಾಸಿಗಳೆಂಬ ದಾಖಲೆ.